ಹೋದ ಸಲದ ಹಾಗೇ

ಸಾಗರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ರಾತ್ರಿ ಒಂಬತ್ತೂವರೆ.
ಹೊಳಿಯಪ್ಪನವರ ಎದೆ
ಆರುನೂರ ನಲವತ್ತು ಪದರವಾಗಿ ನನ್ನ ಪರದೆಯ ಮೇಲಿದೆ.
ಶಿವಮೊಗ್ಗದಲ್ಲಿ ಡಾಕ್ಟರ್ ಶಾಹಿದಾ ಕಾಯುತ್ತಿದ್ದಾರೆ,
ನಡುವೆ ಎಪ್ಪತ್ತು ಕಿಲೋಮೀಟರ್ ಮತ್ತು ನೂಲಿನಂಥ ಲೈನು.

ಮಡಚಬೇಕು.

ಮೊದಲು ಹೋಗುವುದು ಮೈಯಾಚೆಯ ಕಪ್ಪು.
ಕಪ್ಪು, ಕಪ್ಪು, ಕಪ್ಪು ಎಂದು ಚುಕ್ಕಿಚುಕ್ಕಿಗೂ ಹೇಳಬೇಕಿಲ್ಲ,
ಇಲ್ಲಿಂದ ಅಲ್ಲೀವರೆಗೆ ಏನೂ ಇಲ್ಲ ಎಂದರೆ ಸಾಕು.
ಹಿನ್ನೀರು ದಾಟುವವರಿಗೆ ಗೊತ್ತಿರುವ ಲೆಕ್ಕ.
ಆಮೇಲೆ ಪದರದಿಂದ ಪದರಕ್ಕೆ:
ಮೊದಲನೆಯದನ್ನು ಪೂರ್ತಿ ಬರೆ.
ಎರಡನೆಯದು ಅದರ ಹಾಗೇ ಇದ್ದೀತೆಂದು ಊಹಿಸು,
ಊಹೆ ತಪ್ಪಿದಷ್ಟನ್ನೇ ಬರೆ.
ಪಕ್ಕೆಲುಬು ಕೂದಲೆಳೆ ಜರುಗಿತು, ಬರೆ.
ಶ್ವಾಸನಾಳ ಕವಲೊಡೆಯಿತು, ಬರೆ.
ಉಳಿದದ್ದು ಹೋದ ಸಲದ ಹಾಗೇ.

ಹೊರಗೆ ಬೆಂಚಿನ ಮೇಲೆ ಅವರೂ ಇದನ್ನೇ ಮಾಡಿದ್ದರು.
'ಕೆಮ್ಮು?' 'ಹೋದ ಸಲ ಹೇಳ್ದಂಗೇ.'
'ಊಟ?' 'ಹಂಗೇ ಐತೆ.'
ಇಪ್ಪತ್ತೆಂಟು ವರ್ಷ ಲಾಂಚು ನಡೆಸಿದ ಮನುಷ್ಯ,
ದಡದಿಂದ ದಡಕ್ಕೆ ಎಷ್ಟು ಟ್ರಿಪ್ಪು ಎಂದರೆ
ಎರಡೇ ಹೇಳಿದರು:
ಎಂಜಿನ್ ನಿಂತು ನಡುನೀರಲ್ಲಿ ಒಬ್ಬಳಿಗೆ ಹೆರಿಗೆಯಾದದ್ದು,
ಮತ್ತೆ, ಕೊನೆಯದು.
ಮಿಕ್ಕ ಸಾವಿರಾರು ಅವೆರಡರ ನಡುವೆ ಮಡಚಿಕೊಂಡಿವೆ.
ಗುತ್ಯಮ್ಮ ಮಾತ್ರ ಬಾಗಿಲ ಹತ್ತಿರ ತಡೆದು ನಿಂತು
'ಎಡ ಮಗ್ಗುಲಿಗೆ ಮಲಗೋದು ಬಿಟ್ಟಾರೆ, ಯುಗಾದಿಯಿಂದ' ಅಂದರು.
ಬದಲಾದಷ್ಟು ಮಾತ್ರ.

ಪರದೆ ಕೇಳುತ್ತದೆ: ಹತ್ತರಲ್ಲೊಂದು ಪಾಲು ಸಾಕೇ?
ಕಣ್ಣಿಗೆ ಗೊತ್ತಾಗದು, ಎರಡು ನಿಮಿಷದ ಕೆಲಸ.
ಸೇರಿದ ವರ್ಷ ಹಾಗೆ ಕಳಿಸಿದ್ದೆ.
ಡಾಕ್ಟರ್ ಬೈಯಲಿಲ್ಲ,
'ರವೆಯನ್ನ ಮೈದಾ ಮಾಡ್ಬಿಟ್ಟಿದ್ದೀಯಲ್ಲೇ' ಎಂದರು,
'ಇದರಲ್ಲಿ ಕಲ್ಲು ಹೇಗೆ ಹುಡುಕಲಿ?'

ಒಂದು ಚುಕ್ಕಿಯನ್ನೂ ಬಿಡದ್ದನ್ನೇ ಒತ್ತಿದೆ.
ಭಾರ ಅರ್ಧಕ್ಕೂ ಇಳಿಯಲಿಲ್ಲ.
ನೂರಕ್ಕೆ ಮೂವತ್ತೊಂದಾಗಿ ನಿಂತಿತು, ಕರೆಂಟು ಹೋಯಿತು,
ಯುಪಿಎಸ್ಸು ಕೂಗಿಕೊಂಡಿತು.
ಕಾಯುತ್ತ ಪದರಗಳನ್ನು ಓಡಿಸಿದೆ, ಸುಮ್ಮನೆ.
ಓದುವುದು ನನ್ನ ಕೆಲಸವಲ್ಲ.
ಎಡಗಡೆ, ಇನ್ನೂರ ಹದಿನಾಲ್ಕರಿಂದ ಹನ್ನೊಂದು ಪದರ
ಊಹೆ ತಪ್ಪಿದೆ.
ತೊಗರಿಕಾಳಿನಷ್ಟು. ಅಥವಾ ನನ್ನ ಕಣ್ಣೋ.

ಹೊರಬಂದರೆ ಹೊಳಿಯಪ್ಪ ಎದ್ದು ನಿಂತರು.
'ಹೋಯ್ತಾ ಅಮ್ಮ, ಆ ದಡಕ್ಕೆ?'
'ಹೋಗ್ತಾ ಇದೆ.'
'ಜನ ಜಾಸ್ತಿ ಇದ್ರೆ ನಿಧಾನನೇ. ಇರ್ಲಿ,
ಯಾರನ್ನೂ ಇಳಿಸ್ಬೇಡಿ.'