ನಾನೂರ ಹನ್ನೆರಡು, ಹದಿಮೂರು

ಆ ಎರಡು ಪುಟಗಳನ್ನು ಯಾರೋ
ಗಂಜಿ ಹಚ್ಚಿ ಅಂಟಿಸಿದ್ದಾರೆ.
ಕಾಲೇಜಿನ ಲೈಬ್ರರಿಯಲ್ಲಿ ಇರುವುದು ಇದೊಂದೇ ಪ್ರತಿ.
ಸೋಮವಾರ ಪ್ರಬಂಧ ಕೊಡಬೇಕು:
'ಹಳೆಯ ಕಾದಂಬರಿಗಳಲ್ಲಿ ಶೋಧನೆ ಮತ್ತು ವಿಧೇಯತೆ'.
ಇವತ್ತು ಶನಿವಾರ. ಐಜ್ವಾಲಿನಲ್ಲಿ ಬೆಟ್ಟಕ್ಕೆ ಬೆಟ್ಟವೇ
ಮಂಜಿನಲ್ಲಿ ಮುಳುಗಿ, ಕೆಳಗಿನ ಮನೆಯ ತಗಡಿನ ಸೂರೊಂದು
ದೋಣಿಯ ಹಾಗೆ ತೇಲುತ್ತಿದೆ.

ನಾನೂರ ಹನ್ನೊಂದರ ಕೊನೆಯ ಸಾಲಿನಲ್ಲಿ
ಗಡಿಯಾರದಂಗಡಿಯವನ ಹೆಂಡತಿ
ಹೊಳೆಯ ಮೆಟ್ಟಿಲ ಮೇಲೆ ನಿಂತಿದ್ದಾಳೆ,
ಕೈಯಲ್ಲಿ ಒಂದೇ ಒಂದು ಬೂಟು.
ದೋಣಿಯವನು ಹುಟ್ಟನ್ನು ನೀರಿಗಿಳಿಸದೆ ಕಾಯುತ್ತಿದ್ದಾನೆ.
ನಾನೂರ ಹದಿನಾಲ್ಕರಲ್ಲಿ ಆಗಲೇ ಚಳಿಗಾಲ;
ಯಾರದೋ ಮದುವೆಗೆ ಹೆಬ್ಬಾತು ಕೊಯ್ಯುತ್ತಿದ್ದಾರೆ,
ಅವಳ ಹೆಸರನ್ನು ಯಾರೂ ಎತ್ತುವುದಿಲ್ಲ.

ಈ ವರ್ಷ ಇಂಥವು ಐದು ಓದಿದೆ.
ಎಲ್ಲದರಲ್ಲೂ ಒಬ್ಬರು
ಬೇಡವೆಂದ ಬಾಗಿಲಿಗೇ ಕೈಯಿಟ್ಟು
ಮುನ್ನೂರು ಪುಟ ಜಾರುತ್ತಾರೆ, ಮುನ್ನೂರು ಪುಟ ಅಳುತ್ತಾರೆ.
ನಾನು ಅಂಚಿನಲ್ಲಿ ಪೆನ್ಸಿಲ್ ಗೀಟು ಹಾಕುತ್ತ
ತೀರ್ಪು ಕೊಡುವವಳ ಹಾಗೆ ಕೂತಿದ್ದೆ.

ಅತ್ತೆ ಜೊಥಾನ್‌ಸಾಂಗಿಯ ಮೇಲೆ ಯಾರೂ ಕಾದಂಬರಿ ಬರೆದಿಲ್ಲ.
ಬರೆಯುವುದಾದರೂ ಏನನ್ನು?
ಪ್ರತಿ ಹೊತ್ತು ಅನ್ನಕ್ಕಿಡುವ ಮುಂಚೆ
ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು
ಸಭೆಯ ಪಾಲಿನ ಡಬ್ಬಕ್ಕೆ ಹಾಕುತ್ತಾಳೆ.
ಮಾವ ತೀರಿದ ದಿನವೂ ಹಾಕಿದಳು.
ಮನೆಯಲ್ಲಿ ಎರಡೇ ಪಾವು ಉಳಿದಿದ್ದ ದಿನವೂ ಹಾಕಿದಳು.
ಆವತ್ತು ಮಾತ್ರ ಹಿಡಿ ಕೊಂಚ ಸಣ್ಣದಾಯಿತಂತೆ.
'ಬೆರಳಿಗೂ ಹಸಿವಾಗಿತ್ತು, ದೇವರಿಗೆ ಗೊತ್ತು' ಅನ್ನುತ್ತಾಳೆ.

ವಿಧೇಯರಿಗೆ ಕಥೆಯಿಲ್ಲ ಎಂದು ಪ್ರಬಂಧದಲ್ಲಿ ಬರೆದೆ.
ಚೆನ್ನಾಗಿದೆ ಅನ್ನಿಸಿತು. ಅಡಿಗೆರೆ ಎಳೆದೆ.

ಆಮೇಲೆ ಕೆಟಲ್ ಇಟ್ಟೆ.

ಚಹಾಕ್ಕಲ್ಲ. ಅತ್ತೆ ಪ್ರಾರ್ಥನೆಗೆ ಹೋಗಿದ್ದಳು,
ಚರ್ಚಿನ ಡೋಲು ಮಂಜಿನೊಳಗೆ
ನನ್ನ ಎದೆಬಡಿತದಷ್ಟೇ ದೂರದಲ್ಲಿತ್ತು.
ಪುಟಗಳನ್ನು ಹಬೆಗೆ ಹಿಡಿದೆ.
ಹಳೆಯ ಕಾಗದ ನೆನೆದ ನಾಯಿಯಂತೆ ನಾತ ಬಿಟ್ಟಿತು.
ಪ್ರಬಂಧಕ್ಕಾಗಿ ತಾನೇ, ಎಂದುಕೊಂಡೆ.
ತೋಟದಲ್ಲಿ ಮೊದಲು ಚಾಚಿದ ಕೈಯೂ ಹೀಗೇ ಅಂದುಕೊಂಡಿತೇನೋ:
ರುಚಿಗಲ್ಲ, ತಿಳಿವಳಿಕೆಗೆ.
ಪುಟವನ್ನು ನಾನು ಶೋಧಿಸುತ್ತಿದ್ದೆನೋ,
ಪುಟವೇ ನನ್ನನ್ನು ಶೋಧಿಸುತ್ತಿತ್ತೋ.

ಒಂದು ಮೂಲೆ ಬಿಟ್ಟುಕೊಂಡಿತು.
ಎರಡೇ ಪದ: ಅವಳು ತಿರುಗಿ

ತಿರುಗಿ ನೋಡಿದಳೋ, ತಿರುಗಿ ಬಂದಳೋ,
ತಿರುಗಿ ಅದೇ ತಪ್ಪನ್ನು ಮಾಡಿದಳೋ
ಮೆಟ್ಟಿಲ ಮೇಲೆ ಅತ್ತೆಯ ಹೆಜ್ಜೆ. ಪುಸ್ತಕ ಮುಚ್ಚಿದೆ.
ವಿಧೇಯತೆಯಿಂದಲ್ಲ, ಹೆದರಿ.
ಇದನ್ನು ಬರೆದಿಡಬೇಕು.
'ಅಯ್ಯೋ, ನನಗೆ ನೀರು ಕಾಯಿಸಿಟ್ಟೆಯಾ ಕೂಸೇ!' ಎಂದು ಅವಳು
ತಣ್ಣನೆಯ ಕೈಯಿಂದ ನನ್ನ ತಲೆ ಸವರಿದಳು.
ಸುಮ್ಮನೆ ಸವರಿಸಿಕೊಂಡೆ.

ಸೋಮವಾರ, ಲೈಬ್ರರಿಯ ಪಿ ರೋಹ್ಲುಪುಯಿ
ಕನ್ನಡಕ ಹಣೆಗೇರಿಸಿ
ಸುಕ್ಕಾದ ಮೂಲೆಯನ್ನು ಹೆಬ್ಬೆರಳಿಂದ ತಡವಿ
'ಹಬೆಯಾ?' ಎಂದರು.
ಹೌದೆಂದೆ. ಕಿವಿ ಸುಟ್ಟಿತು.
'ಅಂಟಿಸಿದವಳು ನಾನೇ. ಆಗ ನನಗೆ ಹತ್ತೊಂಬತ್ತು.
ಓದಿ ಆದಮೇಲೆ ಅಂಟಿಸಿದೆ.
ನೀವು ಓದಬಾರದೆಂದಲ್ಲ, ನಾನು ಮತ್ತೆ ಓದಬಾರದೆಂದು.
ಬೇರೆ ಅಂಟಿರಲಿಲ್ಲ. ಅಮ್ಮ ಸಭೆಗೆಂದು ಎತ್ತಿಟ್ಟ ಅಕ್ಕಿಯಲ್ಲೇ
ಒಂದು ಚಿಟಿಕೆ ಕದ್ದು ಗಂಜಿ ಕಾಯಿಸಿದೆ.'
ಆಮೇಲೆ, ಏನೂ ಹೇಳದವರ ಹಾಗೆ,
ನೆನೆದ ಪುಸ್ತಕಕ್ಕೆ ಹತ್ತು ರೂಪಾಯಿ ದಂಡದ ರಸೀದಿ ಹರಿದರು.

ಪ್ರಬಂಧ ಒಂದು ದಿನ ತಡವಾಯಿತು.
ಅಡಿಗೆರೆ ಎಳೆದ ಸಾಲನ್ನು ಹೊಡೆದು ಹಾಕಿದ್ದೆ,
ಆ ಜಾಗಕ್ಕೆ ಬೇರೆ ಸಾಲು ಸಿಕ್ಕಲಿಲ್ಲ.

ರಾತ್ರಿ ಅಕ್ಕಿ ಅಳೆಯುವ ಸರದಿ ನನ್ನದು.
ಮುಷ್ಟಿ ಡಬ್ಬದ ಮೇಲೆ ಬಂದು ನಿಂತಿತು.
ಹಿಡಿ ಎಂದರೆ ಎಷ್ಟು ಎಂದು
ಯಾರೂ ಯಾವ ಪುಟದಲ್ಲೂ ಬರೆದಿಟ್ಟಿಲ್ಲ.