ಮೀನು ಬರುವ ತನಕ

ಬಲಕ್ಕೆ ಅಟಕಾಮಾ ಮರಳುಗಾಡು, ಎಡಕ್ಕೆ ಕಡಲು,
ನಡುವೆ ಟಾರಿನದೊಂದು ಗೀಟು,
ಗೀಟಿನ ಪಕ್ಕ ನನ್ನ ತಗಡಿನ ಮಾಡು.
ಆರು ಕುರ್ಚಿ. ಅದರಲ್ಲೊಂದು ಮೂರು ಕಾಲಿನದು,
ಅದು ನನ್ನದು, ಕೂರುವ ಬಗೆ ನನಗೊಬ್ಬಳಿಗೇ ಗೊತ್ತು.
ಬೋರ್ಡಿನಲ್ಲಿ ‘ಹುರಿದ ಮೀನು’ ಅಂತ ಬರೆಸಿದ್ದೆ.
ಉಪ್ಪುಗಾಳಿ ‘ಹುರಿದ’ವನ್ನು ತಿಂದುಹಾಕಿದೆ,
‘ಮೀನು’ ಉಳಿದಿದೆ. ಸಾಕು.

ನಮ್ಮ ಕಡೆ ಮಳೆಯೆಂದರೆ ಮುದುಕರು ಹೇಳುವ ಕತೆ.
ಬೆಳಿಗ್ಗೆ ಕಡಲಿಂದ ಮಂಜು ಹತ್ತಿ ಬರುತ್ತದೆ,
ಹನ್ನೊಂದಕ್ಕೆ ಹಿಂದಿರುಗುತ್ತದೆ,
ಬಾಗಿಲ ತನಕ ಬಂದು ಒಳಗೆ ಬಾರದ ನೆಂಟನ ಹಾಗೆ.

ಹನ್ನೆರಡೂವರೆಗೆ ಒಂದು ಕಾರು ನಿಂತಿತು.
ಕೆಂಪು ಕಾರೆಂದು ಗೊತ್ತಾದದ್ದು ಬಾಗಿಲು ತೆರೆದಾಗ:
ಒಳಗಿನ ಅಂಚಷ್ಟೇ ಕೆಂಪು, ಮಿಕ್ಕಿದ್ದೆಲ್ಲ ಧೂಳು.
ಸಾಂತಿಯಾಗೊದಿಂದ ಹೊರಟ ನಾಲ್ವರು.
ಗಡಿಯಾರ ನೋಡುವವನು ಒಬ್ಬ,
ಅವನನ್ನು ನೋಡದವಳು ಒಬ್ಬಳು,
ಹಿಂದಿನ ಸೀಟಿನಿಂದ ಮೊಣಕಾಲು ಹಿಡಿದುಕೊಂಡು ಅವಳ ತಾಯಿ,
ಮತ್ತೆ ರಾಯೆನ್ ಎಂಬ ಹುಡುಗಿ.
ಇಳಿದವಳೇ ನಾಯಿಯ ಹೆಸರು ಕೇಳಿದಳು.
ಮಂತ್ರಿ, ಎಂದೆ. ಯಾಕೆ?
ತಿಂದು ಮಲಗುತ್ತಾನಲ್ಲ, ಅದಕ್ಕೆ.

“ಮೀನು ತಾಜಾ ತಾನೆ?”
ಎಷ್ಟು ತಾಜಾ ಎಂದರೆ, ಸಿನ್ಯೋರ್,
ಇನ್ನೂ ಸಮುದ್ರದಲ್ಲೇ ಇದೆ.
ನೀರಲ್ಲಿರುವುದಕ್ಕೆ ಬೆಲೆ ಹೇಳಲಾರೆ.
ನಿನ್ನೆಯದು ಎರಡಿವೆ, ಅವು ಮಂತ್ರಿಯ ಪಾಲು.
ನನ್ನ ತಮ್ಮ ನೋಲ್ಬೆರ್ತೊ ಹೋಗಿದ್ದಾನೆ,
ಒಂದಕ್ಕೆ ಬರುತ್ತಾನೆ.

ಹಿಂದೆ ಇನ್ನೂರು ಕಿಲೋಮೀಟರು ಖಾಲಿ, ಮುಂದೆ ಇನ್ನೂರು.
ಕೂತರು.

ಬ್ರೆಡ್ಡು ಕೊಟ್ಟೆ. ಈರುಳ್ಳಿ, ಕೊತ್ತಂಬರಿ, ಮೆಣಸಿನಕಾಯಿ
ಕೊಚ್ಚಿ ಕೊಟ್ಟೆ. ನಿಂಬೆ ಹೆಚ್ಚಿಟ್ಟೆ.
ಎಣ್ಣೆ ಕಾಯಿಸಿದೆ, ಒಲೆ ಆರಿಸಿದೆ.
ಒಂದಾಯಿತು.
“ನಾನು ಆವಾಗಲೇ ಹೇಳಿದ್ದೆ,” ಎಂದ ಗಡಿಯಾರದವನು.
“ನೀನು ಯಾವಾಗಲೂ ಹೇಳಿರುತ್ತೀ,” ಎಂದಳು ಅವಳು.
ಒಂದೂವರೆಗೆ ಗಾಳಿ ದಿಕ್ಕು ಬದಲಿಸಿತು,
ಅಲೆಗಳ ತಲೆ ನರೆಯಿತು.
ಎಣ್ಣೆಯನ್ನು ನಾನು ಮತ್ತೆ ಕಾಯಿಸಲಿಲ್ಲ.

ಅದನ್ನು ಗಮನಿಸಿದ್ದು ಆ ಅಜ್ಜಿ.
ಎದ್ದು ಬಂದು ನನ್ನ ಪಕ್ಕ ನಿಂತಳು, ಏನೂ ಕೇಳಲಿಲ್ಲ.
ಒಲೆಯ ಮುಂದೆ ಬಾಳಿದವಳಿಗೆ
ಆರಿದ ಎಣ್ಣೆ ಓದಲು ಬರುತ್ತದೆ.
ಎರ್ಮಿಂದಾ, ಎಂದೆ, ಅವಳು ಕೇಳದ ನನ್ನ ಹೆಸರು.

ಎರಡೂವರೆ ಹೊತ್ತಿಗೆ ಎಲ್ಲರೂ ಬಂಡೆಯ ಮೇಲಿದ್ದೆವು.
ಹಸಿವಿನ ಮಾತು ಯಾವಾಗ ನಿಂತಿತೋ!
ಗಡಿಯಾರದವನು ಹುಬ್ಬಿಗೆ ಕೈ ಅಡ್ಡ ಹಿಡಿದು,
“ದೋಣಿ ಯಾವ ಬಣ್ಣ?”
ಹಳದಿ. ಮೊದಲು ಹಳದಿ ಇತ್ತು.
“ಒಬ್ಬನೇ ಹೋಗಿದ್ದಾನಾ?”
ಮಗನೂ ಇದ್ದಾನೆ ಜೊತೆಗೆ. ಹದಿನಾರು ವರ್ಷ.
ಆಮೇಲೆ ಅವನು ಗಡಿಯಾರ ನೋಡಲಿಲ್ಲ.
ಗಂಟೆ ಎಷ್ಟೆಂದು ಗೊತ್ತಾಗುವುದು
ಅವನಿಗೂ ಬೇಡವಾಗಿತ್ತು.

ಮೊದಲು ಕಂಡದ್ದು ಮಂತ್ರಿಗೆ. ಎದ್ದು ನಿಂತ.
ಮಂತ್ರಿ ಎದ್ದು ನಿಂತರೆ ಕಾರಣವಿರಲೇಬೇಕು.
ಆಮೇಲೆ ರಾಯೆನ್ ಕೂಗಿದಳು: “ಎರಡು! ಎರಡು!”
ಅವಳು ಎಣಿಸಿದ್ದು ಮೀನಲ್ಲ, ತಲೆ.
ಗಡಿಯಾರದವನು ಪ್ಯಾಂಟು ಕೂಡ ಮಡಚದೆ ನೀರಿಗಿಳಿದು
ಹಗ್ಗ ಹಿಡಿದ, ತಪ್ಪಾಗಿ ಹಿಡಿದ,
ಅಂಗೈ ತರಚಿಕೊಂಡ.
ನೋಲ್ಬೆರ್ತೊ ಎಂಜಿನ್ನಿನ ವಂಶವನ್ನೆಲ್ಲ ಬೈಯುತ್ತಿದ್ದ,
ಹುಡುಗ ನಗುತ್ತಿದ್ದ, ತುಟಿ ನೀಲಿ.

ಸಿಕ್ಕಿದ್ದು ಒಂದೇ ಮೀನು, ತೋಳುದ್ದದ ಕೊಂಗ್ರಿಯೊ.
ನಾಯಿ ಸೇರಿ ಎಂಟು ಬಾಯಿ. ಹುರಿದರೆ ಸಾಲದು.
ಆಲೂಗಡ್ಡೆ ಹಾಕಿ, ನೀರು ಹಾಕಿ, ಇನ್ನೊಂದಿಷ್ಟು ನೀರು ಹಾಕಿ
ಸಾರು ಮಾಡಿದೆ.
ಮಧ್ಯಾಹ್ನದ ಊಟವಾಗುವಾಗ ಸಂಜೆ ಐದು.
ಅಜ್ಜಿ ಮೂರು ಕಾಲಿನ ಕುರ್ಚಿಯಲ್ಲಿ ಕೂತು
ಬಟ್ಟಲು ಎತ್ತಿ ಕುಡಿದಳು. ಬೀಳಲಿಲ್ಲ.

ಎಷ್ಟಾಯಿತು, ಎಂದು ಕೇಳಿದರು.
ಬೋರ್ಡಿನಲ್ಲಿ ಸಾರು ಇಲ್ಲವಲ್ಲ, ಎಂದೆ.
ತಟ್ಟೆಯಡಿ ಯಾರೋ ನೋಟಿಟ್ಟರು, ಕಾಣದವಳಂತೆ ಇದ್ದೆ.

ಕಾರು ಉತ್ತರಕ್ಕೆ ಹೋಯಿತು.
ಹಿಂಬಾಗಿಲ ಧೂಳಿನಲ್ಲಿ ರಾಯೆನ್
ಬೆರಳಿಂದ ಬರೆದಿದ್ದಳು ‘ಮಂತ್ರಿ’ ಎಂದು.
ತಿರುವಿನ ತನಕ ಓದಲು ಬಂತು,
ಕೆಂಪು ಅಕ್ಷರ.