ಕನ್ನಡದಾಗ ಒಂದು ಹಾಳಿ

ಇಂಗ್ಲಿಷಿನಾಗ ನಾಕು ಪುಟ, ಮರಾಠಿಯೊಳಗ ಎರಡು,
ಕನ್ನಡದಾಗ ಒಂದು ಹಾಳಿ ಸಾಕು ಅಂದ್ರು ದೇಗಾಂವಕರ ಮ್ಯಾಡಮ್ಮು.
ಮೈಂದರ್ಗಿ, ದುಧನಿ, ನಾಗಣಸೂರ ಕಡಿಂದ ಬಂದು
ರಿಪೋರ್ಟಿಗೆ ಕಾಯೋ ಮಂದಿಯ ಬೆಂಚು ಅದಲ್ಲ,
ಅದರ ಮ್ಯಾಲಿನ ಗೋಡಿಗೆ ಹಚ್ಚಲಿಕ್ಕ.
'ಪ್ಯಾಥಾಲಜಿ ವಿಭಾಗದ ವಾರ್ತೆ, ಈ ವರ್ಷದ ಸಾಧನೆ.
ನೀನೇ ಬರಿ ಮಹಾನಂದಾ, ನಿನ್ನ ಅಕ್ಷರ ಛಂದ.'

ವಾರ್ತೆ ಒಂದು. ಹೊಸ ಮಶೀನು ಬಂದದ.
ಕೂದಲೆಳಿಯ ಇಪ್ಪತ್ತನೇ ಪಾಲಿನಷ್ಟು ತೆಳ್ಳಗ
ಮೇಣದಾಗ ಕೂಡಿಸಿದ ಮಾಂಸ ಕೊಯ್ತದ.
ಹಳೇದೂ ಕೊಯ್ತಿತ್ತು. ಅದರ ಹಿಡಿಕಿ ತಿರುವಿ ತಿರುವಿ
ನನ್ನ ಬಲಗೈ ಎಡಗೈಗಿಂತ ದಪ್ಪ ಆಗ್ಯಾದ,
ಬಳಿಗಾರಾಕಿ ಎರಡು ಅಳತಿ ತೆಗೀತಾಳ.
ಇದನ್ನ ಹಾಳಿಯೊಳಗ ಬರೀಲಿಲ್ಲ.

ವಾರ್ತೆ ಎರಡು. ನಮ್ಮ ಶಾಹಿಸ್ತಾ ನದಾಫಗ ಬಂಗಾರದ ಪದಕ.
ಹತ್ತಿ ಹಿಂಜೋ ಮನಿತನದ ಹುಡುಗಿ.
ಇಬ್ಬರು ಹಿರೇರು ಕ್ಷಯ ಅಂತ ಸಹಿ ಮಾಡಿದ ಗಂಟಿನಾಗ
ಮೂರು ದಿನ ಕಣ್ಣಿಟ್ಟು ಕುಂತು,
ಹತ್ತಿಯೊಳಗಿನ ಕಸಕಡ್ಡಿ ಹೆಕ್ಕಿದಂಗ,
ಗೂಬಿಯ ಕಣ್ಣಿನಂಥ ಒಂದು ಕೋಶ ಹುಡುಕಿ ತೋರಿಸಿದ್ಲು.
ಪೇಶಂಟು ಹದಿನಾರರ ಹುಡುಗ.
ಈಗ ಮತ್ತ ಕಬಡ್ಡಿ ಆಡ್ತಾನಂತ.

ವಾರ್ತೆ ಮೂರು ದೊಡ್ಡದು, ಪರದೇಶದ ಪತ್ರಿಕೆಯೊಳಗ ಅಚ್ಚಾಗ್ಯಾದ:
ಬೀಡಿ ಕಟ್ಟೋ ಹೆಣ್ಣಮಕ್ಕಳು, ಮಿಶ್ರಿ ತಿಕ್ಕಿದ ಹಲ್ಲು,
ಗಲ್ಲದೊಳಗಿನ ಹುಣ್ಣು, ಮೂವತ್ತು ವರ್ಷದ್ದು,
ಆರುನೂರಾ ಹನ್ನೆರಡು ಬ್ಲಾಕು.
'ಹಳೆಯ ಬ್ಲಾಕುಗಳನ್ನು ಉಗ್ರಾಣದಿಂದ ಪಡೆಯಲಾಯಿತು.'
ಪಡೆಯಲಾಯಿತು ಅಂದ್ರ ನಾನು.
ಮೇ ತಿಂಗಳು, ಜಿನೆಯ ಕೆಳಗಿನ ಕೋಲಿ.
ಸೊಲ್ಲಾಪುರದ ಬಿಸಿಲಿಗೆ ಮೇಣ ಮೆತ್ತಗಾಗಿ
ಒಂದಕ್ಕೊಂದು ಆತುಕೊಂಡು ಕುಂತಿದ್ವು,
ಎಸ್ಟಿ ಬಸ್ಸಿನಾಗ ನಿದ್ದಿ ಹತ್ತಿದ ಅಕ್ಕತಂಗೇರಂಗ.
ಬರ್ಫದ ಮ್ಯಾಲಿಟ್ಟು ಒಂದೊಂದ ಬಿಡಿಸಿದೆ.
ಬ್ಲಾಕಿಗೆ ಬರೇ ನಂಬರು. ಹೆಸರು ರಜಿಸ್ಟರಿನಾಗ,
ರಜಿಸ್ಟರು ಅರ್ಧ ಗೆದ್ದಲಿನ ಹೊಟ್ಟ್ಯಾಗ.
೨೧೧೭: ಅಂಬೂಬಾಯಿ, ವಯ ನಲವತ್ತೊಂದು.
ಮುಂದ ಹಾಳಿ ಇಲ್ಲ.

ನಮ್ಮಪ್ಪ ಚಾದರದ ಕಾರಖಾನಿಯೊಳಗ ನೂಲಿಗೆ ಬಣ್ಣ ಹಾಕ್ತಿದ್ದ.
ಉಣ್ಣುವಾಗ ಕೈ ನೇರಳೆ, ಅನ್ನ ಬೆಳ್ಳಗ.
'ಬಣ್ಣ ಯಾರರ ಹಾಕ್ತಾರ ಮಹಾ,
ಹೆಚ್ಚಾದದ್ದು ತೊಳೆದು ತೆಗಿಯೋದು ಕಲಿ' ಅಂತಿದ್ದ.
ಈಗ ಗಾಜಿನ ಮ್ಯಾಲೆ ನನ್ನದೂ ಅದೇ ಉದ್ಯೋಗ.
ನೇರಳೆ ಎಬ್ಬಿಸು, ಆಮ್ಲದ ನೀರಿನಾಗ ಒಮ್ಮೆ ಅದ್ದು,
ಬೇಕಾದಷ್ಟೇ ಉಳಿಸು, ಮ್ಯಾಲೆ ಗುಲಾಬಿ.
ಅಂಬೂಬಾಯಿಯ ಗಲ್ಲ ಹೊಳೀತು,
ಮೊನ್ನೆ ಮಗ್ಗದಿಂದ ಇಳಿದ ಚಾದರದಂಗ.
ಎಷ್ಟು ಛಂದ ಬಣ್ಣ ಅಂದ್ರು ಎಲ್ಲಾರೂ. ನಾನೂ ಅಂದೆ.
ಅಂದ ಮ್ಯಾಲೆ ನಾಲಿಗಿ ಕಚ್ಚಿಕೊಂಡೆ.

ಕಡೆಗೆ ಆಭಾರದ ಸಾಲಿನಾಗ ನನ್ನ ಹೆಸರೂ ಅದ:
'ಮಿಸ್ಟರ್ ಎಂ. ಹತ್ತೂರೆ.'
ನಮ್ಮ ಮನಿಯವರ ಹೆಸರೂ ಅದೇ ಅಕ್ಷರದಿಂದ ಸುರು.
ಓಣಿಯೊಳಗಿನ ಮಾನ ಅವರ ಪಾಲಿಗೆ ಹೋತು.

ಹಾಳಿ ಹಚ್ಚಿದ್ದು ಸೋಮವಾರ.
ದುಧನಿಯ ಮುದುಕ ಒಬ್ಬಾತ ಚಾಳೀಸು ಒರಿಸಿ ಒರಿಸಿ
ಮೂರೂ ವಾರ್ತೆ ಜೋರಾಗಿ ಓದಿದ, ಬೆಂಚು ಕೇಳಿತು.
ಮುಗಿಸಿ ನನ್ನ ಕಡೆ ತಿರುಗಿದ:
'ಎಲ್ಲಾ ಛಲೋ ಅದವ್ವ.
ನನ್ನ ಹೆಣ್ತಿದು ಎಲ್ಲಿ ಬರದೀರಿ?'

ಒಳಗ ಹೋಗಿ ಟ್ರೇ ನೋಡಿದೆ.
ಅವತ್ತಿನ ಇಪ್ಪತ್ತಾರು ರಿಪೋರ್ಟಿನಾಗ ಆಕೀದು ಇರಲಿಲ್ಲ.
ಉಳಿದವನ್ನ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.
ಹೊರಗ ಬಂದು ಹಾಳಿಯ ತಳದಾಗ ಪೆನ್ಸಿಲ್ಲಿಲೆ ಬರದೆ:
ಇವತ್ತು ಹದಿನೇಳು ಮಂದಿಗೆ ಏನೂ ಇಲ್ಲ.

ಮ್ಯಾಡಮ್ಮಿಗೆ ಕನ್ನಡ ಬರಂಗಿಲ್ಲ,
ಇದೇನು ಅಂತ ಬೆರಳಿಟ್ಟು ಕೇಳಿದ್ರು.
ನಾಕನೇ ವಾರ್ತೆ ಅಂದೆ.
ಮುದುಕಗ, ಇನ್ನೂ ಬಣ್ಣದಾಗ ಅದ ಯಪ್ಪಾ,
ನಾಳೆ ಬರ್ರಿ ಅಂದೆ.
ರಬ್ಬರು ಏಪ್ರನ್ನಿನ ಕಿಸೆಯೊಳಗ ಇಟ್ಟುಕೊಂಡೆ,
ನಾಳಿನ ಅಂಕಿಗೆ.